ಪ್ರೊಡಕ್ಷನ್ ಮ್ಯಾನೇಜರ್ ಗೊತ್ತು, ಈ ಪ್ರಾಡಕ್ಟ್ ಮ್ಯಾನೇಜರ್ ಯಾರು?

ಸತ್ಯಮಂಗಲ ಅಂದ ತಕ್ಷಣ ನಮ್ಮ ನ್ಯೂಸ್ ರೂಮಿನಲ್ಲಿ ಎಲ್ಲರಿಗೂ ನೆನಪಾಗೋದು ವೀರಪ್ಪನ್ ಕಾಡು. ಅದು ತಮಿಳುನಾಡಿನದ್ದು. ನಾನು ಹೇಳ್ತಿರೋದು ನಮ್ಮ ತುಮಕೂರಿನ ಸತ್ಯಮಂಗಲದ ಬಗ್ಗೆ. ಇಲ್ಲಿ ಕಾಡಿಲ್ಲ, ಕೈಗಾರಿಕಾ ಪ್ರದೇಶದ ಶೆಡ್‌ಗಳಿವೆ. ಅಂಥದ್ದೊಂದು ಶೆಡ್ಡಿನಲ್ಲಿ ನಮ್ಮ ಚಿಕ್ಕಪ್ಪ ಇಪ್ಪತ್ತಾರು ವರ್ಷದಿಂದ ದುಡೀತಿದ್ದಾರೆ. ಲೇತ್ ಮುಂದೆ ನಿಂತು ಶುರು ಮಾಡಿದವರು, ಈಗ ಶಿಫ್ಟ್ ಸೂಪರ್‌ವೈಸರ್.

ಒಂದು ಭಾನುವಾರ ಅವರಿಂದ ಫೋನ್ ಬಂತು. ‘ಏನಪ್ಪಾ, ಟೀವೀಲಿ ಕುಂತ್ಕೊಂಡು ಊರಿಗೆಲ್ಲ ಬುದ್ಧಿ ಹೇಳ್ತೀಯ, ನಿನ್ ತಂಗಿಗೂ ಒಸಿ ಹೇಳು. ಕೈಗೆ ಬಂದಿರೋ ದೊಡ್ಡ ಕಂಪನಿ ಕೆಲ್ಸ ಬಿಟ್ಟು ಪ್ರಾಡಕ್ಟ್ ಮ್ಯಾನೇಜರ್ ಆಯ್ತೀನಿ ಅಂತ ಕುಂತವ್ಳೆ. ನಮ್ ಫ್ಯಾಕ್ಟ್ರೀಲಿ ಪ್ರೊಡಕ್ಷನ್ ಮ್ಯಾನೇಜರ್ ಅವ್ರೆ, ಅವ್ರೇನ್ ಮಾಡ್ತಾರೆ ಅಂತ ಗೊತ್ತು. ಇದ್ಯಾವ್ದಪ್ಪಾ ಇದು?’

ವೀಕ್ಷಕರೇ, ನಿಜ ಹೇಳ್ತೀನಿ, ನಾನು ತಕ್ಷಣ ಉತ್ತರ ಕೊಡಲಿಲ್ಲ. ‘ಸಂಜೆ ಮಾಡ್ತೀನಿ ಚಿಕ್ಕಪ್ಪ’ ಅಂತ ಫೋನ್ ಇಟ್ಟೆ. ಸ್ಟಾರ್ಟಪ್, ಯೂನಿಕಾರ್ನ್, ಫಂಡಿಂಗ್ ಅಂತ ದಿನಕ್ಕೆ ಹತ್ತು ಸಲ ಟೆಲಿಪ್ರಾಂಪ್ಟರ್ ನೋಡಿ ಓದೋ ನನಗೇ, ಈ ಕೆಲಸ ಏನು ಅಂತ ಚಿಕ್ಕಪ್ಪನಿಗೆ ಅರ್ಥವಾಗೋ ಹಾಗೆ ಎರಡು ಮಾತಲ್ಲಿ ಹೇಳೋಕೆ ಬರಲಿಲ್ಲ. ಮನೆಯಲ್ಲಿ ಎಂಜಿನಿಯರಿಂಗ್ ಓದೋ ಮಕ್ಕಳಿರೋ ಎಷ್ಟೋ ಜನರಿಗೆ ಇದೇ ಗೊಂದಲ ಇದೆ. ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳೋಣ ಅಂತ.

ಮೊದಲು ಒಂದು ಗೊಂದಲ ಕಳೆದುಬಿಡ್ತೀನಿ. ಪ್ರಾಜೆಕ್ಟ್ ಮ್ಯಾನೇಜರ್ ಬೇರೆ, ಪ್ರಾಡಕ್ಟ್ ಮ್ಯಾನೇಜರ್ ಬೇರೆ. ಮನೆ ಕಟ್ಟಿಸ್ತಿದ್ದೀರಿ ಅಂದ್ಕೊಳ್ಳಿ. ಯುಗಾದಿಯೊಳಗೆ ಗೃಹಪ್ರವೇಶ ಆಗಬೇಕು, ಸಿಮೆಂಟು ಸೋಮವಾರ ಬರಬೇಕು, ಗಾರೆಯವರು ಕೈಕೊಡಬಾರದು ಅಂತ ಓಡಾಡೋದು ಪ್ರಾಜೆಕ್ಟ್ ಕೆಲಸ. ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ, ಹಾಗಾಗಿ ಅವರ ಕೋಣೆ, ಬಚ್ಚಲು ಎರಡೂ ಕೆಳಗಿರಲಿ, ದುಡ್ಡು ಸಾಲದೇ ಇದ್ರೆ ಮೇಲಿನ ಬಾಲ್ಕನಿ ಬಿಟ್ಟುಬಿಡೋಣ ಅಂತ ತೀರ್ಮಾನಿಸೋದು ಪ್ರಾಡಕ್ಟ್ ಕೆಲಸ. ಮನೆ ಹೇಳಿದ ದಿನಕ್ಕೆ ಮುಗೀಬಹುದು, ಅಜ್ಜಿ ಮಾತ್ರ ಹೊರಗೆ ಜಗಲಿ ಮೇಲೇ ಮಲಗಬೇಕಾದ ಸ್ಥಿತಿ ಬರಬಹುದು. ಆಗ ಪ್ರಾಜೆಕ್ಟ್ ಗೆದ್ದಿರುತ್ತೆ, ಪ್ರಾಡಕ್ಟ್ ಸೋತಿರುತ್ತೆ.

ನಾನೂ ತುಮಕೂರಿನಲ್ಲೇ ಎಲೆಕ್ಟ್ರಾನಿಕ್ಸ್ ಓದಿದವನು. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಒಂದು ವಸ್ತುವನ್ನ ಹೇಗೆ ಮಾಡೋದು ಅಂತ ಮನಸಾರೆ ಕಲಿಸಿದ್ರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನ ಯಾರಿಗಾಗಿ ಮಾಡ್ತಿದ್ದೀಯಪ್ಪಾ, ಅವರಿಗೆ ಇದು ಬೇಕಾ ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಐದು ಮಾರ್ಕಿಗೂ ಇಲ್ಲ.

ಈ ಪ್ರಶ್ನೆ ಎಷ್ಟು ದೊಡ್ಡದು ಅನ್ನೋದು ನಮ್ಮ ತುಮಕೂರಿಗೆ ಗೊತ್ತಿರಬೇಕು. ಚಿಕ್ಕಪ್ಪನ ಕೈಯಲ್ಲಿ ಇವತ್ತಿಗೂ ಇರೋದು ಎಚ್‌ಎಂಟಿ ವಾಚು. ಕೀ ಕೊಡಬೇಕು, ಕೊಟ್ರೆ ಓಡುತ್ತೆ. ಎಚ್‌ಎಂಟಿಗೆ ತುಮಕೂರಲ್ಲೇ ವಾಚ್ ಕಾರ್ಖಾನೆ ಇತ್ತು. ಅಲ್ಲಿನ ಕೆಲಸಗಾರರ ಕೈಚಳಕಕ್ಕೆ ಕೊರತೆಯಿತ್ತು ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ತಂತ್ರಜ್ಞಾನವೂ ಇರಲಿಲ್ಲ ಅಂತಲ್ಲ. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1985ರಲ್ಲೇ ಇದೇ ತುಮಕೂರು ಕಾರ್ಖಾನೆಯಲ್ಲಿ ಕ್ವಾರ್ಟ್ಜ್ ವಾಚಿನ ಕೆಲಸ ಶುರುವಾಗಿತ್ತು. ಅತ್ತ ಹೊಸೂರಿನಲ್ಲಿ ಟಾಟಾದವರು ತಮಿಳುನಾಡು ಸರ್ಕಾರದ ಸಂಸ್ಥೆ ಜೊತೆ ಸೇರಿ ಟೈಟಾನ್ ಶುರು ಮಾಡಿದ್ರು. ಅವರ ಮಾರ್ಕೆಟಿಂಗ್ ನೋಡಿ. ವಾಚನ್ನ ಬರೀ ಟೈಮ್ ನೋಡೋ ಯಂತ್ರ ಅಂತ ಅವರು ಮಾರಲಿಲ್ಲ. ಅದು ಒಡವೆ, ಅದು ಮದುವೆಗೆ ಕೊಡೋ ಉಡುಗೊರೆ, ಸೀರೆಗೊಂದು ಆಫೀಸಿಗೊಂದು ಬೇಕು ಅಂದ್ರು. ಚೆಂದದ ಶೋರೂಮ್ ಮಾಡಿದ್ರು. ಎಚ್‌ಎಂಟಿ ವಾಚ್ ಕಂಪನಿಯನ್ನ ಮುಚ್ಚೋಕೆ ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಡ್ತು. ತುಮಕೂರಿನ ಜಾಗ ಇಸ್ರೋಗೆ ಹೋಯ್ತು. ಸರ್ಕಾರಿ ಕಂಪನಿಯ ಕೈ ಕಟ್ಟಿಹಾಕೋ ಕಾರಣಗಳು ಹತ್ತಾರಿದ್ದವು, ಒಪ್ತೀನಿ. ಆದರೆ ‘ಜನ ಈಗ ವಾಚನ್ನ ಯಾಕೆ ಕೊಳ್ತಿದ್ದಾರೆ’ ಅನ್ನೋ ಪ್ರಶ್ನೆಯನ್ನ ಹೊಸೂರಿನವರು ಕೇಳಿದಷ್ಟು ಗಟ್ಟಿಯಾಗಿ ಇಲ್ಲಿ ಕೇಳಿದ ಹಾಗೆ ಕಾಣಲಿಲ್ಲ. ಆ ಪ್ರಶ್ನೆ ಕೇಳೋಕೆ ಸಂಬಳ ತಗೊಳ್ಳೋನೇ ಪ್ರಾಡಕ್ಟ್ ಮ್ಯಾನೇಜರ್.

ಈ ಕೆಲಸ ಹುಟ್ಟಿದ್ದು ಕಂಪ್ಯೂಟರ್ ಕಂಪನಿಯಲ್ಲಿ ಅಲ್ಲ, ಸೋಪಿನ ಕಂಪನಿಯಲ್ಲಿ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ ನೀಲ್ ಮೆಕೆಲ್ರಾಯ್ ಅಂತ ಒಬ್ಬ ಯುವಕ ಇದ್ದ. ಅವನು ನೋಡ್ಕೊಳ್ತಿದ್ದ ಕೇಮೇ ಸೋಪು ಅದೇ ಕಂಪನಿಯ ಐವರಿ ಸೋಪಿನ ನೆರಳಲ್ಲಿ ಸೊರಗ್ತಾ ಇತ್ತು. 1931ರ ಮೇ 13ರಂದು ಮೂರು ಪುಟದ ಟಿಪ್ಪಣಿ ಬರೆದು, ಒಂದೊಂದು ಸೋಪಿಗೂ ಅದರ ಹಣೆಬರಹಕ್ಕೆ ಪೂರ್ತಿ ಹೊಣೆಯಾಗೋ ಒಬ್ಬೊಬ್ಬ ಮನುಷ್ಯ ಬೇಕು ಅಂದ. ಅಂಗಡಿಗೆ ಹೋಗಬೇಕು, ಯಾಕೆ ಮಾರಾಟ ಆಗ್ತಿಲ್ಲ ಅಂತ ನೋಡಬೇಕು, ಸರಿ ಮಾಡಬೇಕು. (ಇದೇ ಮನುಷ್ಯ ಆಮೇಲೆ ಅಮೆರಿಕದ ರಕ್ಷಣಾ ಮಂತ್ರಿಯಾದ. ಸೋಪಿನಿಂದ ಕ್ಷಿಪಣಿಗೆ!) ಕಂಪ್ಯೂಟರ್ ಕಂಪನಿಗಳು ಈ ಪದ್ಧತಿಯನ್ನ ತಮ್ಮದು ಮಾಡ್ಕೊಂಡವು. 2002ರಲ್ಲಿ ಗೂಗಲ್ ಕಾಲೇಜಿಂದ ಆಗಷ್ಟೇ ಹೊರಬಂದವರನ್ನ ಅಸೋಸಿಯೇಟ್ ಪ್ರಾಡಕ್ಟ್ ಮ್ಯಾನೇಜರ್ ಅಂತ ತಗೊಂಡು ಪಳಗಿಸೋಕೆ ಶುರು ಮಾಡ್ತು. ನಮ್ಮ ಬೆಂಗಳೂರಿನ ಕಂಪನಿಗಳಲ್ಲಿ ಇವತ್ತು ಕಾಣೋ ಎಪಿಎಂ ಹುದ್ದೆಯ ಹಿರಿಯಣ್ಣ ಅದೇ.

ಅಮೆರಿಕದ ಕಥೆ ಸಾಕು. ನಮ್ಮ ತಾಲ್ಲೂಕು ಕಚೇರಿಗೆ ಬನ್ನಿ.

ಪಹಣಿಯನ್ನ ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ನಿಮಗೆಲ್ಲ ಗೊತ್ತು. ಈ ಶತಮಾನದ ಶುರುವಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಉಸ್ತುವಾರಿಯಲ್ಲಿ, 177 ತಾಲ್ಲೂಕುಗಳ ಸುಮಾರು 2 ಕೋಟಿ ದಾಖಲೆ ಕಂಪ್ಯೂಟರಿಗೆ ಏರಿತು. ಎಲ್ಲರೂ ಹೊಗಳೋದು ಈ ಲೆಕ್ಕವನ್ನ. ನನಗೆ ಇಷ್ಟವಾಗೋದು ಇನ್ನೊಂದು ಸಣ್ಣ ಸಂಗತಿ. ಭೂಮಿ ಕೇಂದ್ರದಲ್ಲಿ ಆಪರೇಟರ್ ಮುಂದೆ ಒಂದು ಪರದೆ ಇತ್ತು, ಕೌಂಟರ್‌ನ ಈಚೆ ನಿಂತ ರೈತನ ಕಡೆಗೆ ಮುಖ ಮಾಡಿ ಇನ್ನೊಂದು ಪರದೆ ಇಟ್ರು. ತನ್ನ ಸರ್ವೆ ನಂಬರಿನಲ್ಲಿ ಏನು ಬರೆದಿದೆ ಅಂತ ರೈತ ಕಣ್ಣಾರೆ ನೋಡಬಹುದು. ಆಗ 15 ರೂಪಾಯಿ ಕೊಟ್ಟು ಪಹಣಿ ತಗೊಂಡು ಹೋಗಬಹುದಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನ ಬಂದ ಸರದಿಯಲ್ಲೇ ವಿಲೇ ಮಾಡಬೇಕು, ಬೇಕಾದವರದ್ದನ್ನ ಮುಂದೆ ತರೋ ಹಾಗಿಲ್ಲ ಅಂತ ಸಾಫ್ಟ್‌ವೇರಿನಲ್ಲೇ ಕಟ್ಟಿದ್ರು. ಎರಡನೇ ಪರದೆ ಇಡೋಕೆ ಯಾವ ಮಹಾ ತಂತ್ರಜ್ಞಾನವೂ ಬೇಡ. ಆದರೆ ರೈತನಿಗೆ ಕಾಗದಕ್ಕಿಂತ ಮೊದಲು ಬೇಕಿರೋದು ನಂಬಿಕೆ ಅನ್ನೋದು ಯಾರಿಗೋ ಹೊಳೀಬೇಕಿತ್ತು. ಅವರ ಹುದ್ದೆ ಏನೇ ಇರಲಿ, ಅವರು ಮಾಡಿದ್ದು ಪ್ರಾಡಕ್ಟ್ ಮ್ಯಾನೇಜರ್ ಕೆಲಸ.

ರೆಡ್‌ಬಸ್ ಕಥೆಯೂ ಹಾಗೇ. 2005ರ ದೀಪಾವಳಿಗೆ ಬೆಂಗಳೂರಿಂದ ಹೈದರಾಬಾದಿಗೆ ಹೋಗೋಕೆ ಫಣೀಂದ್ರ ಸಾಮ ಅನ್ನೋ ಎಂಜಿನಿಯರ್‌ಗೆ ಬಸ್ ಟಿಕೆಟ್ ಸಿಗಲಿಲ್ಲ. ನಾವಾಗಿದ್ರೆ ಬೈದುಕೊಂಡು ರೂಮಿಗೆ ಹೋಗಿ ಮಲಗ್ತಿದ್ವಿ. ಅವರು ಟ್ರಾವೆಲ್ ಏಜೆಂಟ್‌ಗಳ ಹತ್ತಿರ ಹೋಗಿ, ಸೀಟು ಖಾಲಿ ಇರೋದು ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳ್ತಾ ಹೋದ್ರು. ಬಸ್ ಮಾಲೀಕರಿಗಾಗಿ ಸಾಫ್ಟ್‌ವೇರ್ ಬರೆದ್ರು. ಮಾಲೀಕರು ಆಸಕ್ತಿ ತೋರಿಸಲಿಲ್ಲ. ಸರಿ, ಸಾಫ್ಟ್‌ವೇರ್ ಬೇಡವಾದ್ರೆ ಮೊದಲು ನಿಮ್ಮ ಸೀಟು ಮಾರಿ ಕೊಡ್ತೀವಿ ಅಂತ ದಾರಿ ಬದಲಿಸಿದ್ರು. 2006ರಲ್ಲಿ ರೆಡ್‌ಬಸ್ ಶುರುವಾಯ್ತು. ತಾವು ಬರೆದಿದ್ದನ್ನ ಪಕ್ಕಕ್ಕಿಡೋದು ಎಂಜಿನಿಯರ್‌ಗೆ ಎಷ್ಟು ಕಷ್ಟ ಅಂತ, ಪಾಪ, ಎಂಜಿನಿಯರ್‌ಗೇ ಗೊತ್ತು.

ಈಗ ನನ್ನ ತಂಗಿಯ ವಿಷಯಕ್ಕೆ ಬರ್ತೀನಿ.

ಅವಳು ಕಂಪ್ಯೂಟರ್ ಸೈನ್ಸ್. ಕೊನೇ ವರ್ಷ ವಿಟಿಯು ನಿಯಮದ ಪ್ರಕಾರ ಇಂಟರ್ನ್‌ಶಿಪ್ ಮಾಡಲೇಬೇಕು. ಯಶವಂತಪುರದ ಕಡೆ ಹನ್ನೆರಡು ಜನರ ಒಂದು ಸ್ಟಾರ್ಟಪ್‌ನಲ್ಲಿ ಸಿಕ್ಕಿತು. ಬೆಳಗ್ಗೆ ತುಮಕೂರಿಂದ ರೈಲು, ರಾತ್ರಿ ವಾಪಸ್. ಸೀಸನ್ ಪಾಸು, ಊಟ, ಆಟೋ ಕಳೆದ್ರೆ ಸ್ಟೈಪೆಂಡಿನಲ್ಲಿ ಅಷ್ಟಿಷ್ಟು ಉಳೀತಿತ್ತು. ಆ ಕಂಪನಿ ಸಣ್ಣ ಕಾರ್ಖಾನೆಗಳಿಗೆ ಒಂದು ಆ್ಯಪ್ ಮಾರ್ತಿತ್ತು. ಮಷಿನ್ ಯಾವಾಗ ನಿಂತಿತು, ಯಾಕೆ ನಿಂತಿತು, ಎಷ್ಟು ಹೊತ್ತು ನಿಂತಿತು ಅಂತ ಕೆಲಸಗಾರರು ಮೊಬೈಲಿನಲ್ಲಿ ತುಂಬಬೇಕು, ಮಾಲೀಕರು ಬೆಂಗಳೂರಲ್ಲೋ ಮನೆಯಲ್ಲೋ ಕೂತು ನೋಡಬೇಕು. ಇವಳಿಗೆ ಕೊಟ್ಟಿದ್ದು ಟೆಸ್ಟಿಂಗ್ ಕೆಲಸ. ಬಟನ್ ಒತ್ತು, ತಪ್ಪಿದ್ರೆ ಬರೆದಿಡು.

ತೊಂದರೆ ಏನಂದ್ರೆ, ಕಾರ್ಖಾನೆಗಳು ಆ್ಯಪ್ ತಗೊಂಡಿದ್ವು, ತುಂಬೋರೇ ಇರಲಿಲ್ಲ. ಆ್ಯಪ್ ನಿಧಾನ ಇದೆ, ಅದಕ್ಕೇ ಬಳಸ್ತಿಲ್ಲ ಅಂತ ಎಂಜಿನಿಯರ್‌ಗಳ ಲೆಕ್ಕ. ಎರಡು ತಿಂಗಳು ಕೂತು ವೇಗ ಹೆಚ್ಚಿಸೋದು ಅಂತ ಮಾತಾಗಿತ್ತು. ಇವಳು ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಫೋನ್ ತೋರಿಸಿದಳು. ಏಳು ಕಡೆ ತುಂಬಬೇಕಿದ್ದ ಆ ಫಾರಮ್ಮನ್ನ ಚಿಕ್ಕಪ್ಪ ನೋಡಿದ್ರು. ‘ಎಣ್ಣೆ ಕೈಲಿ ಇದನ್ನ ಯಾರವ್ವ ಮುಟ್ತಾರೆ?’ ಅಂದ್ರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದ್ರು. ‘ಇಲ್ಲಿ ಹೆಸ್ರು ಬರಿ ಅಂತ ಐತಲ್ಲ. ಮಷಿನ್ ನಿಂತಿದ್ದಕ್ಕೆ ಕಾರಣ ಬರೆದು ಅದ್ರ ಕೆಳಗೆ ಹೆಸ್ರು ಬರೆದ್ರೆ, ಅದು ಬರೆದೋನ್ ತಲೆ ಮೇಲೇ ಬತ್ತದೆ. ಯಾವನ್ ಬರೀತಾನೆ?’

ಮೊದಲನೇ ಮಾತು ಯಾರಾದ್ರೂ ಹೇಳಿಯಾರು. ಎರಡನೇ ಮಾತನ್ನ ಬೆಂಗಳೂರಿನ ಯಾವ ಗಾಜಿನ ಕೋಣೆಯಲ್ಲಿ ಕೂತ್ರೂ ಕಂಡುಹಿಡಿಯೋಕಾಗಲ್ಲ.

ಅವಳು ಮಾಲೀಕರೊಬ್ಬರನ್ನ ಕೇಳಿಕೊಂಡು ಒಂದು ಶೆಡ್ಡಿನಲ್ಲಿ ಮೂರು ದಿನ ಶಿಫ್ಟ್ ಪೂರ್ತಿ ನಿಂತಳು. ಅಲ್ಲಿ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಒಂದು ನೋಟ್‌ಬುಕ್ ಇತ್ತು. ಮಷಿನ್ ನಿಂತಾಗೆಲ್ಲ ಹುಡುಗರು ಅದರಲ್ಲಿ ಪೆನ್ಸಿಲಿನಲ್ಲಿ ಗೀಟು ಎಳೀತಿದ್ರು. ಟೂಲ್ ಮುರೀತು, ಕರೆಂಟ್ ಹೋಯ್ತು, ಮಾಲು ಬಂದಿಲ್ಲ ಅಂತ ಅಷ್ಟೇ. ಹೆಸರಿಲ್ಲ. ಅಂದ್ರೆ ಬರೆಯೋಕೆ ಅವರಿಗೆ ಸೋಮಾರಿತನ ಅಲ್ಲ. ಸಿಕ್ಕಿಹಾಕಿಕೊಳ್ಳೋಕೆ ಇಷ್ಟ ಇಲ್ಲ. ಅವಳು ವಾಪಸ್ ಹೋಗಿ ಒಂದೂವರೆ ಪುಟ ಬರೆದಳು: ಈ ಆ್ಯಪ್ ತುಂಬಬೇಕಾದವರು ಯಾರು, ಅವರ ಕೈ ಹೇಗಿರುತ್ತೆ, ಅವರಿಗೆ ಭಯ ಯಾವುದು, ನಾವು ಏನನ್ನ ಕಿತ್ತುಹಾಕಬೇಕು. ನೋಟ್‌ಬುಕ್ಕಿನ ಫೋಟೋ ತೆಗೆದು ಕಳಿಸಿದ್ರೆ ಸಾಕು ಅನ್ನೋದು ಅವಳ ಸಲಹೆ. ಆ ಕೈಬರಹ ಓದೋ ಸಾಫ್ಟ್‌ವೇರನ್ನ ನಂಬೋಕಾಗಲ್ಲ ಅಂತ ಎಂಜಿನಿಯರ್ ಒಬ್ಬ ಜಗಳಕ್ಕೇ ನಿಂತ. ಅವನು ಹೇಳಿದ್ದೂ ಸರಿಯಾಗೇ ಇತ್ತು. ಕೊನೆಗೆ ಗೋಡೆಗೆ ಒಂದು ಅಗ್ಗದ ಟ್ಯಾಬ್, ಅದರಲ್ಲಿ ನಾಲ್ಕೇ ನಾಲ್ಕು ದೊಡ್ಡ ಬಟನ್, ಹೆಸರು ಕೇಳೋ ಹಾಗಿಲ್ಲ ಅಂತ ಒಪ್ಪಂದವಾಯ್ತು. ಎರಡು ಕಾರ್ಖಾನೆಯಲ್ಲಿ ಹಾಕಿ ನೋಡಿದ್ರು. ಒಂದರಲ್ಲಿ ಮೂರನೇ ವಾರದ ಹೊತ್ತಿಗೆ ಹೆಚ್ಚೂಕಮ್ಮಿ ಪ್ರತಿ ಶಿಫ್ಟಿನ ಲೆಕ್ಕವೂ ಬರೋಕೆ ಶುರುವಾಯ್ತು. ಇನ್ನೊಂದರಲ್ಲಿ ಏನೂ ಬರಲಿಲ್ಲ. ಹೋಗಿ ನೋಡಿದ್ರೆ, ಕಳ್ಳತನ ಆಗುತ್ತೆ ಅಂತ ಮಾಲೀಕರು ಟ್ಯಾಬನ್ನ ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ರು!

‘ಅಣ್ಣ, ಇಷ್ಟು ದಿನ ನಾನು ಮಾಡಿದ್ದಕ್ಕೆ ಒಂದು ಕೆಲಸದ ಹೆಸರಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ’ ಅಂದಳು. ನನಗೆ ಹೊಟ್ಟೆಕಿಚ್ಚಾಯ್ತು. ನನ್ನ ಕಾಲದಲ್ಲಿ ಇಂಟರ್ನ್‌ಶಿಪ್ ಅಂದ್ರೆ ಕಾರ್ಖಾನೆಗೆ ಒಂದು ದಿನದ ಭೇಟಿ, ಗೇಟಿನ ಮುಂದೆ ಒಂದು ಗ್ರೂಪ್ ಫೋಟೋ.

ಹನ್ನೆರಡು ಜನರ ಕಂಪನಿ ಆದ್ದರಿಂದಲೇ ಇದು ಆಗಿದ್ದು, ಇದನ್ನ ಗಮನಿಸಿ. ಹನ್ನೆರಡು ಸಾವಿರ ಜನರ ಕಂಪನಿಯಲ್ಲಿ ಟೆಸ್ಟಿಂಗ್ ಹುಡುಗಿ ಬರೆದ ಒಂದೂವರೆ ಪುಟ ಕಂಪನಿ ಕಟ್ಟಿದವರ ಮೇಜಿಗೆ ತಲುಪೋದು ಕಷ್ಟ. ಸಣ್ಣ ಜಾಗದಲ್ಲಿ ಎಲ್ಲವೂ ಕಿವಿಗೆ ಬೀಳುತ್ತೆ. ಗ್ರಾಹಕ ಬೈದಿದ್ದು, ದುಡ್ಡು ಬರದೇ ಇದ್ದದ್ದು, ಯಾವುದನ್ನ ಮಾಡಬೇಕು ಅನ್ನೋ ಜಗಳ, ಎಲ್ಲ. ನಮ್ಮ ಚಾನೆಲ್‌ನಲ್ಲಿ ರನ್‌ಡೌನ್ ನೋಡ್ಕೊಳ್ಳೋ ಪ್ರೊಡ್ಯೂಸರ್ ಇರ್ತಾರೆ. ರಿಪೋರ್ಟರ್ ಅವರ ಕೈಕೆಳಗಿನವರಲ್ಲ, ಕ್ಯಾಮೆರಾದವರಲ್ಲ, ಗ್ರಾಫಿಕ್ಸ್‌ನವರಲ್ಲ, ಆ್ಯಂಕರ್ ಅಂತೂ ಅಲ್ಲವೇ ಅಲ್ಲ! ಆದರೂ ಒಂಬತ್ತು ಗಂಟೆಗೆ ಯಾವ ಸುದ್ದಿ ಮೊದಲು, ಯಾವುದು ಕಟ್ ಅನ್ನೋದಕ್ಕೆ ಅವರೇ ಹೊಣೆ. ಪ್ರಾಡಕ್ಟ್ ಮ್ಯಾನೇಜರ್ ಸ್ಥಿತಿ ಹೆಚ್ಚೂಕಮ್ಮಿ ಇದೇ. ಹೆಸರಿನಲ್ಲಿ ಮ್ಯಾನೇಜರ್ ಅಂತಿರುತ್ತೆ, ಕೈಕೆಳಗೆ ಯಾರೂ ಇರಲ್ಲ. ಒಪ್ಪಿಸಿಯೇ ಕೆಲಸ ಮಾಡಿಸಬೇಕು. ಮಾತು ಬರಬೇಕು, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳೋಕೆ ಬರಬೇಕು. ಇಂಗ್ಲಿಷ್ ಬೇಕು, ಸುಳ್ಳು ಹೇಳಲ್ಲ. ಆದರೆ ಸತ್ಯಮಂಗಲದ ಶೆಡ್ಡಿನಲ್ಲಿ ಮೂರು ದಿನ ನಿಲ್ಲೋಕೆ ಬೇಕಾಗಿದ್ದು ತುಮಕೂರು ಕನ್ನಡ.

ಇಲ್ಲೇ ಒಂದು ಎಚ್ಚರಿಕೆ. ಇಂಟರ್ನ್‌ಶಿಪ್ ಕಡ್ಡಾಯ ಆದ ಮೇಲೆ ಅದನ್ನ ಮಾರೋರೂ ಹುಟ್ಟಿಕೊಂಡಿದ್ದಾರೆ. ಇಷ್ಟು ಸಾವಿರ ಕಟ್ಟಿ, ಆನ್‌ಲೈನಲ್ಲಿ ನಾಲ್ಕು ವಿಡಿಯೋ ನೋಡಿ, ಸರ್ಟಿಫಿಕೇಟ್ ತಗೊಳ್ಳಿ. ಅಪ್ಪ ಅಮ್ಮ ಸಾಲ ಮಾಡಿ ಕಟ್ತಾರೆ. ಕೆಲಸ ಕೊಡೋನು ದುಡ್ಡು ಕೊಡಬೇಕು, ಇಲ್ಲವೇ ಕನಿಷ್ಠ ಕೆಲಸನಾದ್ರೂ ಕೊಡಬೇಕು. ದುಡ್ಡು ಕೇಳೋನು ಕಂಪನಿ ಅಲ್ಲ, ಅಂಗಡಿ. ಸೇರೋ ಮುಂಚೆ ಮೂರು ಮಾತು ಕೇಳಿ: ನಾನು ದಿನಾ ಯಾರ ಜೊತೆ ಕೂತು ಕೆಲಸ ಮಾಡ್ತೀನಿ? ನಿಮ್ಮ ಗ್ರಾಹಕರನ್ನ ಒಬ್ಬರನ್ನಾದ್ರೂ ನಾನು ಭೇಟಿ ಮಾಡಬಹುದಾ? ಹಿಂದಿನ ಇಂಟರ್ನ್ ಮಾಡಿದ ಕೆಲಸ ಈಗ ಎಲ್ಲಿ ಬಳಕೆಯಲ್ಲಿದೆ? ಮೂರಕ್ಕೂ ಹಾರಿಕೆ ಉತ್ತರ ಬಂದ್ರೆ ಎದ್ದು ಬನ್ನಿ. ಇನ್ನು, ಇಂಟರ್ನ್‌ಗೆ ಮೊದಲ ದಿನವೇ ಪ್ರಾಡಕ್ಟ್ ಕೆಲಸ ಸಿಗೋದು ಅಪರೂಪ. ಗ್ರಾಹಕರ ದೂರು ಕೇಳೋ ಕೆಲಸವೋ ಟೆಸ್ಟಿಂಗೋ ಸಿಕ್ರೆ ಮುಖ ಸಿಂಡರಿಸಬೇಡಿ. ಜನ ಎಲ್ಲಿ ಎಡವ್ತಾರೆ ಅನ್ನೋದು ಮೊದಲು ಗೊತ್ತಾಗೋದೇ ಅಲ್ಲಿ.

ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಬರೀ ಒಳ್ಳೇದನ್ನೇ ಹೇಳಿದ್ರೆ ಅದು ಜಾಹೀರಾತಾಗುತ್ತೆ, ಹಾಗಾಗಿ ಎರಡೂ ಕಡೆ ಹೇಳಿದೆ. ದೊಡ್ಡ ಕಂಪನಿಯ ಆಫರ್ ಲೆಟರ್ ಕೈಯಲ್ಲಿದೆ, ಸೇರೋ ದಿನಾಂಕ ಇನ್ನೂ ಬಂದಿಲ್ಲ. ಸ್ಟಾರ್ಟಪ್‌ನವರು ಎಪಿಎಂ ಅಂತ ಈಗಲೇ ತಗೊಳ್ತೀವಿ ಅಂತಿದ್ದಾರೆ, ಸಂಬಳ ಸ್ವಲ್ಪ ಕಮ್ಮಿ. ಎಜುಕೇಷನ್ ಲೋನ್ ಕಂತು ಮುಂದಿನ ವರ್ಷ ಶುರು. ಕಂಪನಿ ಮುಚ್ಚಿಹೋಗಲೂಬಹುದು. ‘ಬ್ಯಾಂಕಿನಲ್ಲಿ ಎಷ್ಟು ತಿಂಗಳಿನ ದುಡ್ಡಿದೆ ಅಂತ ಕೇಳಮ್ಮ’ ಅಂತ ನಾನೇ ಅವಳಿಗೆ ಹೇಳಿದ್ದೆ. ಕೇಳಿದ್ದಳು. ಹದಿನಾಲ್ಕು ತಿಂಗಳು ಅಂದ್ರಂತೆ. ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸ್ತು. ಹದಿನಾಲ್ಕು ತಿಂಗಳಲ್ಲಿ ಮುಚ್ಚಿದ್ರೂ, ಮುಂದಿನ ಕಂಪನಿಯಲ್ಲಿ ಹೇಳೋಕೆ ಅವಳ ಹತ್ತಿರ ಆ ನೋಟ್‌ಬುಕ್ಕಿನ ಕಥೆ ಇರುತ್ತೆ ಅಂದೆ. ನನ್ನ ಸ್ವಂತ ಮಗಳಾಗಿದ್ರೂ ಹೋಗು ಅಂತಿದ್ದೆ ಅಂತಲೂ ಅಂದೆ. ಚಿಕ್ಕಪ್ಪ ‘ನೋಡಾಣ’ ಅಂತ ಫೋನ್ ಇಟ್ರು.

ಮುಂದಿನ ವಾರ ಊರಿಗೆ ಹೋಗಿದ್ದೆ. ನಡುಮನೆಯಲ್ಲಿ ತಂಗಿ ಲ್ಯಾಪ್‌ಟಾಪ್ ಇಟ್ಕೊಂಡು ಆ ನಾಲ್ಕು ಬಟನ್ನಿನ ಪರದೆ ತೋರಿಸ್ತಿದ್ದಳು. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ್ರು. ಒಂದು ಬಟನ್ ಮೇಲೆ ಕನ್ನಡ ಅಕ್ಷರದಲ್ಲೇ ‘ಡೌನ್‌ಟೈಮ್’ ಅಂತಿತ್ತು.

‘ಇದ್ಯಾವನ್ಗೆ ಗೊತ್ತಾಯ್ತದೆ? ನಿಂತೈತೆ ಅಂತ ಹಾಕ್ಸು’ ಅಂದ್ರು.

ಅವಳು ಬರ್ಕೊಂಡಳು.